ಸಲಿಂಗಾಸಕ್ತ ಮತ್ತು ದ್ವಿಲಿಂಗಾಸಕ್ತರ ಆರೋಗ್ಯ: ರಾಯಚೂರು, ದೇವದುರ್ಗ ಹಾಗೂ ಮಾನ್ವಿಯ ನಾಗರಿಕರಿಗೆ ಮಾಹಿತಿ

ರಾಯಚೂರು ನಗರ ಹಾಗೂ ದೇವದುರ್ಗ, ಮಾನ್ವಿ ತಾಲ್ಲೂಕುಗಳ ಸಲಿಂಗಾಸಕ್ತ ಮತ್ತು ದ್ವಿಲಿಂಗಾಸಕ್ತ ನಾಗರಿಕರಿಗೆ ಎದುರಾಗಬಹುದಾದ ಆರೋಗ್ಯ ಅಪಾಯಗಳು, ಅವುಗಳನ್ನು ತಡೆಗಟ್ಟುವ ಕ್ರಮಗಳು ಮತ್ತು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುವ ಸೇವೆಗಳ ವಿವರಗಳನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಇಲ್ಲಿ ನೀಡಲಾಗಿದೆ. ಈ ಸೇವೆಗಳನ್ನು ಪಡೆಯಲು ಯಾರೂ ತಮ್ಮ ಲೈಂಗಿಕ ಒಲವನ್ನು ಬರಹದಲ್ಲಿ ಘೋಷಿಸಬೇಕಾಗಿಲ್ಲ. ಜಾತಿ ಪ್ರಮಾಣ ಪತ್ರ, ಆದಾಯ ಪ್ರಮಾಣ ಪತ್ರ, ಶಿಫಾರಸು ಪತ್ರ ಯಾವುದೂ ಬೇಕಿಲ್ಲ. ಪ್ರತಿಯೊಂದಕ್ಕೂ ದಾಖಲೆ ಲಗತ್ತಿಸಿ ರೂಢಿಯಾಗಿರುವ ಅರ್ಜಿದಾರರಿಗೆ ಇದು ಅಚ್ಚರಿಯೆನಿಸಬಹುದು.

ಅಪಾಯದ ಸ್ವರೂಪ

ಸಲಿಂಗಾಸಕ್ತಿಯು ರೋಗವಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 1990ರ ಮೇ 17ರಂದು ಅದನ್ನು ಮಾನಸಿಕ ಕಾಯಿಲೆಗಳ ಪಟ್ಟಿಯಿಂದ ಕೈಬಿಟ್ಟಿತು. ವಯಸ್ಕರ ನಡುವಣ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 6ರಂದು ತೀರ್ಪು ನೀಡಿದೆ. ಆದ್ದರಿಂದ ಆಸ್ಪತ್ರೆಗೆ ಬಂದು ನಿಜ ಹೇಳಿದರೆ ಪೊಲೀಸರಿಗೆ ತಿಳಿಸಿಬಿಡುತ್ತಾರೆಂಬ ಭಯಕ್ಕೆ ಆಧಾರವಿಲ್ಲ.

ಆದರೂ ಸೋಂಕಿನ ಅಪಾಯ ಈ ವರ್ಗದಲ್ಲಿ ಹೆಚ್ಚಾಗಿರುವುದು ಸತ್ಯ. 2017ರ ರಾಷ್ಟ್ರೀಯ ಎಚ್.ಐ.ವಿ. ಕಣ್ಗಾವಲು ಸಮೀಕ್ಷೆಯಲ್ಲಿ ಪುರುಷರೊಂದಿಗೆ ಲೈಂಗಿಕ ಸಂಪರ್ಕ ಹೊಂದುವ ಪುರುಷರ ಪೈಕಿ ಶೇ. 2.69ರಷ್ಟು ಜನರಲ್ಲಿ ಎಚ್.ಐ.ವಿ. ಕಂಡುಬಂದಿತ್ತು. ಅದೇ ವರ್ಷ ದೇಶದ ಒಟ್ಟು ವಯಸ್ಕರಲ್ಲಿ ಈ ಪ್ರಮಾಣ ಅಂದಾಜು ಶೇ. 0.22 ಮಾತ್ರ. ಇದಕ್ಕೆ ದೈಹಿಕ ಕಾರಣವೊಂದಿದೆ. ಗುದದ್ವಾರದ ಒಳಪದರವು ತೆಳುವಾಗಿದ್ದು ಸುಲಭವಾಗಿ ಗೀರುಬೀಳುತ್ತದೆ. ರಕ್ಷಣೆಯಿಲ್ಲದ ಗುದ ಸಂಪರ್ಕದಲ್ಲಿ ವೈರಾಣು ಅಲ್ಲಿಂದ ಬೇಗನೆ ರಕ್ತ ಸೇರುತ್ತದೆ. ಸೋಂಕಿರುವ ಸಂಗಾತಿಯೊಡನೆ ಇಂತಹ ಸಂಪರ್ಕದಲ್ಲಿ ಸ್ವೀಕರಿಸುವವರಿಗೆ ಎಚ್.ಐ.ವಿ. ತಗಲುವ ಸಂಭವ 10,000 ಬಾರಿಗೆ ಅಂದಾಜು 138 ಇದ್ದರೆ, ಯೋನಿ ಸಂಪರ್ಕದಲ್ಲಿ ಸ್ತ್ರೀಗೆ ಅದು ಅಂದಾಜು 8. ಗಂಡು-ಹೆಣ್ಣಿನ ನಡುವೆ ಗುದ ಸಂಪರ್ಕ ನಡೆದರೂ ಅಪಾಯ ಇಷ್ಟೇ ಇರುತ್ತದೆಂಬುದನ್ನು ಗಮನಿಸಬೇಕು.

ಎರಡನೆಯ ಕಾರಣ ವಿಳಂಬ. ಗುಟ್ಟು ರಟ್ಟಾಗುವ ಅಂಜಿಕೆಯಿಂದ ಜನರು ಪರೀಕ್ಷೆಯನ್ನು ತಿಂಗಳುಗಟ್ಟಲೆ ಮುಂದೂಡುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಚೀಟಿ ಬರೆಯುವವರೋ, ಊರಿನ ಆಶಾ ಕಾರ್ಯಕರ್ತೆಯೋ ಸಂಬಂಧಿಕರಾಗಿರುವ ಸಂದರ್ಭಗಳು ನಮ್ಮ ಕಡೆ ಸಾಮಾನ್ಯ. ಈ ಅಂಜಿಕೆಯನ್ನು ಹುಸಿಯೆಂದು ತಳ್ಳಿಹಾಕುವಂತಿಲ್ಲ. ಸ್ವಂತ ತಾಲ್ಲೂಕಿನಲ್ಲಿಯೇ ಪರೀಕ್ಷೆ ಮಾಡಿಸಿಕೊಳ್ಳಬೇಕೆಂಬ ನಿಯಮವಿಲ್ಲ. ದೇವದುರ್ಗದವರು ರಾಯಚೂರಿನಲ್ಲಿ, ಮಾನ್ವಿಯವರು ಸಿಂಧನೂರಿನಲ್ಲಿ ಅಥವಾ ಕಲಬುರಗಿಯಲ್ಲಿ ಪರೀಕ್ಷೆ ಮಾಡಿಸಿಕೊಳ್ಳಬಹುದು. ಬಸ್ಸಿನ ಖರ್ಚು ಮಾತ್ರ ತಮ್ಮದು.

ಪರೀಕ್ಷೆ ಮತ್ತು ಚಿಕಿತ್ಸೆ

ದೇವದುರ್ಗ ಮತ್ತು ಮಾನ್ವಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಹಾಗೂ ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ (ರಿಮ್ಸ್) ಬೋಧಕ ಆಸ್ಪತ್ರೆಯಲ್ಲಿ ಐ.ಸಿ.ಟಿ.ಸಿ. ಎಂದು ಕರೆಯಲಾಗುವ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಿವೆ. ಆಪ್ತಸಮಾಲೋಚಕರು ಮೊದಲು ಪ್ರತ್ಯೇಕವಾಗಿ ಮಾತನಾಡಿಸಿ, ಒಪ್ಪಿಗೆ ಪಡೆದ ನಂತರವೇ ರಕ್ತ ತೆಗೆಯಲಾಗುವುದು. ಫಲಿತಾಂಶವನ್ನು ಪರೀಕ್ಷೆ ಮಾಡಿಸಿಕೊಂಡವರ ಕೈಗೇ ನೀಡಲಾಗುವುದು.

ಸೋಂಕು ತಗುಲಿದ ಕೂಡಲೇ ಅದು ಪರೀಕ್ಷೆಯಲ್ಲಿ ಕಾಣುವುದಿಲ್ಲ. ಸಂಶಯಕ್ಕೆ ಕಾರಣವಾದ ಸಂಪರ್ಕದ ನಂತರ ಫಲಿತಾಂಶ "ಸೋಂಕಿಲ್ಲ" ಎಂದು ಬಂದರೂ ಮೂರು ತಿಂಗಳು ತುಂಬಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿಕೊಳ್ಳತಕ್ಕದ್ದು. ಹಲವು ಸಂಗಾತಿಗಳಿರುವವರು ಆರು ತಿಂಗಳಿಗೊಮ್ಮೆಯಾದರೂ ಪರೀಕ್ಷಿಸಿಕೊಳ್ಳುವುದು ಒಳಿತು. ಪುಕ್ಕಟೆ ಪರೀಕ್ಷೆಯಾಗುತ್ತದೆಂದು ಇದೇ ಉದ್ದೇಶಕ್ಕಾಗಿ ರಕ್ತದಾನ ಮಾಡುವುದು ಸರ್ವಥಾ ಸಲ್ಲದು. ಸೋಂಕು ಇನ್ನೂ ಕಾಣದ ಅವಧಿಯ ರಕ್ತವು ಮತ್ತೊಬ್ಬರ ದೇಹ ಸೇರುವ ಅಪಾಯವಿರುತ್ತದೆ.

ಸೋಂಕು ದೃಢಪಟ್ಟವರನ್ನು ರಿಮ್ಸ್‌ನ ಎ.ಆರ್.ಟಿ. ಕೇಂದ್ರಕ್ಕೆ ಕಳುಹಿಸಲಾಗುವುದು. ದೇಶದಲ್ಲಿ ಉಚಿತ ಎ.ಆರ್.ಟಿ. ಚಿಕಿತ್ಸೆ 2004ರ ಏಪ್ರಿಲ್‌ನಲ್ಲಿ ಆರಂಭವಾಯಿತು. ರೋಗನಿರೋಧಕ ಕಣಗಳ ಸಂಖ್ಯೆ ಕುಸಿಯುವವರೆಗೆ ಕಾಯುವ ಹಿಂದಿನ ಪದ್ಧತಿಯನ್ನು 2017ರಲ್ಲಿ ಕೈಬಿಟ್ಟು, ಸೋಂಕು ಪತ್ತೆಯಾದ ಎಲ್ಲರಿಗೂ ಚಿಕಿತ್ಸೆ ನೀಡಲಾಗುತ್ತಿದೆ. ದಿನವೂ ತಪ್ಪದೆ ಗುಳಿಗೆ ಸೇವಿಸಿ, ರಕ್ತದಲ್ಲಿ ವೈರಾಣು ಪತ್ತೆಯಾಗದಷ್ಟು ಕಡಿಮೆಯಾಗಿ ಅದೇ ಮಟ್ಟದಲ್ಲಿ ಉಳಿದಲ್ಲಿ, ಅಂತಹ ವ್ಯಕ್ತಿಯಿಂದ ಲೈಂಗಿಕ ಸಂಪರ್ಕದ ಮೂಲಕ ಎಚ್.ಐ.ವಿ. ಹರಡುವುದಿಲ್ಲ. ಈ ಸಂಗತಿ ಇನ್ನೂ ಬಹಳ ಜನರಿಗೆ ತಲುಪಿಲ್ಲ.

ಬೆಂಗಳೂರು, ಹೈದರಾಬಾದ್, ಪುಣೆಗಳಿಗೆ ಗುಳೆ ಹೋಗುವವರು ಗುಳಿಗೆ ನಿಲ್ಲಿಸಬಾರದು. ಹೊರಡುವ ಮುನ್ನ ಕೇಂದ್ರಕ್ಕೆ ತಿಳಿಸಿದಲ್ಲಿ, ಹೋಗುವ ಊರಿನ ಎ.ಆರ್.ಟಿ. ಕೇಂದ್ರಕ್ಕೆ ವರ್ಗಾವಣೆ ಮಾಡಿಕೊಡಲಾಗುವುದು.

ವಿವಾಹಿತರು

ಪುರುಷರೊಂದಿಗೆ ಸಂಪರ್ಕವಿರುವ ಅನೇಕರು ಮನೆಯವರ ಒತ್ತಾಯಕ್ಕೋ ಸ್ವಇಚ್ಛೆಯಿಂದಲೋ ಮದುವೆಯಾಗಿರುತ್ತಾರೆ. ಇಂತಹ ಮನೆಗಳಲ್ಲಿ ಸೋಂಕು ಮೊದಲು ಬೆಳಕಿಗೆ ಬರುವುದು ಎಷ್ಟೋ ವೇಳೆ ಪತ್ನಿಯ ಗರ್ಭಿಣಿ ತಪಾಸಣೆಯಲ್ಲಿ. ಆಗ ತಪ್ಪೆಲ್ಲವೂ ಆಕೆಯ ಮೇಲೆ ಬೀಳುತ್ತದೆ. ಪತಿ ಮೊದಲೇ ಪರೀಕ್ಷೆ ಮಾಡಿಸಿಕೊಂಡಿದ್ದಲ್ಲಿ ಸೋಂಕನ್ನೂ ಈ ಅನ್ಯಾಯವನ್ನೂ ತಡೆಯಬಹುದಿತ್ತು. ತಾಯಿಗೆ ಸೋಂಕಿದ್ದು ಯಾವುದೇ ಚಿಕಿತ್ಸೆ ದೊರೆಯದಿದ್ದರೆ 100ರಲ್ಲಿ 15ರಿಂದ 45 ಶಿಶುಗಳಿಗೆ ಅದು ತಗಲಬಹುದು. ಸಕಾಲದ ಚಿಕಿತ್ಸೆಯಿಂದ ಇದನ್ನು 5ಕ್ಕಿಂತ ಕೆಳಗಿಳಿಸಬಹುದು. ಗರ್ಭಿಣಿಯರಿಗೆ ಎಚ್.ಐ.ವಿ. ಮತ್ತು ಸಿಫಿಲಿಸ್ ಪರೀಕ್ಷೆ ಉಚಿತ.

ಪತ್ನಿಗೆ ಆಸ್ಪತ್ರೆಯವರು ತಿಳಿಸುತ್ತಾರೆಯೇ ಎಂಬುದು ಇಂತಹವರಿಗೆ ಕಾಡುವ ಪ್ರಶ್ನೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್.ಐ.ವಿ. ಮತ್ತು ಏಡ್ಸ್ (ತಡೆಗಟ್ಟುವಿಕೆ ಮತ್ತು ನಿಯಂತ್ರಣ) ಕಾಯ್ದೆ, 2017ರ ಪ್ರಕಾರ ಸೋಂಕಿತರ ಒಪ್ಪಿಗೆಯಿಲ್ಲದೆ ಅವರ ಸ್ಥಿತಿಯನ್ನು ಬಹಿರಂಗಪಡಿಸುವಂತಿಲ್ಲ. ಇದಕ್ಕೆ ಮಿತವಾದ ವಿನಾಯಿತಿಯಿದೆ. ಸಂಗಾತಿಗೆ ಸೋಂಕು ತಗಲುವ ಗಣನೀಯ ಅಪಾಯವಿದ್ದು, ತಿಳಿಸುವಂತೆ ಸಲಹೆ ನೀಡಿದ ಮೇಲೂ ಸೋಂಕಿತರು ತಿಳಿಸುವುದಿಲ್ಲವೆಂದು ಮನವರಿಕೆಯಾದಲ್ಲಿ, ವೈದ್ಯರು ಅಥವಾ ಆಪ್ತಸಮಾಲೋಚಕರು ಸೋಂಕಿತರಿಗೆ ಮುನ್ಸೂಚನೆ ನೀಡಿ ಸಂಗಾತಿಗೆ ಖುದ್ದಾಗಿ ತಿಳಿಸಬಹುದು. ಆಗಲೂ ತಿಳಿಸುವುದು ಸೋಂಕಿನ ವಿಷಯವನ್ನಷ್ಟೇ. ಅದು ಯಾರಿಂದ ಬಂತೆಂಬುದನ್ನಲ್ಲ. ಆಪ್ತಸಮಾಲೋಚಕರ ಸಮ್ಮುಖದಲ್ಲಿ ತಾವೇ ತಿಳಿಸುವುದು ಎಲ್ಲಕ್ಕಿಂತ ಸುಗಮವಾದ ದಾರಿ. ಸೋಂಕಿದೆಯೆಂದು ತಿಳಿದವರು ಅದು ಇತರರಿಗೆ ಹರಡದಂತೆ ಎಚ್ಚರ ವಹಿಸುವುದೂ ಇದೇ ಕಾಯ್ದೆಯಡಿ ಕರ್ತವ್ಯವಾಗಿದೆ.

ತಡೆಗಟ್ಟುವ ಕ್ರಮಗಳು

ಪ್ರತಿ ಸಂಪರ್ಕಕ್ಕೂ ಹೊಸ ನಿರೋಧ್ ಬಳಸತಕ್ಕದ್ದು. ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ, ವ್ಯಾಸಲಿನ್ ಹಚ್ಚಿದರೆ ರಬ್ಬರು ಸಡಿಲಗೊಂಡು ಹರಿಯುತ್ತದೆ. ಔಷಧ ಅಂಗಡಿಗಳಲ್ಲಿ ಸಿಗುವ ನೀರಿನಾಧಾರಿತ ಜೆಲ್ಲಿಯನ್ನೇ ಉಪಯೋಗಿಸಬೇಕು. ರಾಯಚೂರಿನ ಬಿಸಿಲಿನಲ್ಲಿ ಮೋಟಾರ್‌ಸೈಕಲ್ಲಿನ ಡಬ್ಬಿಯಲ್ಲಿ ಅಥವಾ ಪಾಕೀಟಿನಲ್ಲಿ ದಿನಗಟ್ಟಲೆ ಇಟ್ಟ ನಿರೋಧ್ ನಂಬಲರ್ಹವಲ್ಲ.

ನಿರೋಧ್ ಹರಿದಲ್ಲಿ ಅಥವಾ ಬಲಾತ್ಕಾರ ನಡೆದಲ್ಲಿ 72 ಗಂಟೆಯೊಳಗೆ ಆಸ್ಪತ್ರೆಗೆ ಬರಬೇಕು. ಗಂಟೆಗಳು ಕಡಿಮೆಯಾದಷ್ಟೂ ಫಲ ಹೆಚ್ಚು. ವೈದ್ಯರು ಅಪಾಯವನ್ನು ಪರಿಶೀಲಿಸಿ, ಅಗತ್ಯವಿದ್ದಲ್ಲಿ 28 ದಿನಗಳ ಔಷಧ ಸೂಚಿಸುವರು. ಸೋಂಕಿಲ್ಲದವರು ಮುಂಚಿತವಾಗಿ ಸೇವಿಸುವ ಪ್ರೆಪ್ ಎಂಬ ಗುಳಿಗೆಯೂ ಇದೆ. ಎಚ್.ಐ.ವಿ. ಮತ್ತು ಮೂತ್ರಪಿಂಡದ ಪರೀಕ್ಷೆಯಾದ ನಂತರ ವೈದ್ಯರ ಸಲಹೆಯಂತೆ ಮಾತ್ರ ಅದನ್ನು ಆರಂಭಿಸಬೇಕು. ಪ್ರೆಪ್ ಇತರ ಲೈಂಗಿಕ ರೋಗಗಳನ್ನು ತಡೆಯುವುದಿಲ್ಲ.

ಇತರ ಸೋಂಕುಗಳು

ಸಿಫಿಲಿಸ್‌ನ ಮೊದಲ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ. ಗುದದ್ವಾರದ ಒಳಗಿದ್ದರೆ ಕಾಣುವುದೂ ಇಲ್ಲ. ಕೆಲವು ವಾರಗಳಲ್ಲಿ ತಾನಾಗಿ ಮಾಯುವುದರಿಂದ ವಾಸಿಯಾಯಿತೆಂದು ಜನರು ತಿಳಿಯುತ್ತಾರೆ, ಆದರೆ ರೋಗ ಒಳಗೇ ಬೆಳೆಯುತ್ತಿರುತ್ತದೆ. ಆರಂಭದಲ್ಲಿ ಬಂದರೆ ಪೆನಿಸಿಲಿನ್ ಚುಚ್ಚುಮದ್ದಿನಿಂದ ಗುಣವಾಗುವ ಕಾಯಿಲೆಯಿದು. ಗುದದ್ವಾರದಲ್ಲಿ ಕೀವು, ರಕ್ತ, ನೋವು ಇದ್ದವರು "ಮೂಲವ್ಯಾಧಿ" ಎಂದಷ್ಟೇ ಹೇಳಿ ಹಿಂತಿರುಗುವುದುಂಟು. ಸಂಪರ್ಕದ ಬಗೆಯನ್ನು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸಿದಲ್ಲಿ ಮಾತ್ರ ಸರಿಯಾದ ತಪಾಸಣೆ ಸಾಧ್ಯ. ಬರಹದಲ್ಲಿ ಘೋಷಿಸಬೇಕಾಗಿಲ್ಲವೆಂದು ಮೇಲೆ ಹೇಳಿದ್ದರೂ, ವೈದ್ಯರ ಕೊಠಡಿಯಲ್ಲಿ ಈ ಒಂದು ಮಾತನ್ನು ಮುಚ್ಚಿಡಬಾರದು. ಸರ್ಕಾರಿ ಆಸ್ಪತ್ರೆಗಳ ಲೈಂಗಿಕ ರೋಗ ಚಿಕಿತ್ಸಾಲಯಗಳಲ್ಲಿ ಔಷಧ ಉಚಿತ. ಬಸ್ ನಿಲ್ದಾಣದ ಗೋಡೆಗಳ ಮೇಲಿನ ಗುಪ್ತರೋಗ ಜಾಹೀರಾತುಗಳನ್ನಾಗಲೀ, ಪದವಿಯಿಲ್ಲದವರ ಸೂಜಿಯನ್ನಾಗಲೀ ನಂಬಬಾರದು.

ಹೆಪಟೈಟಿಸ್ ಬಿ ಕೂಡ ಇದೇ ಮಾರ್ಗದಲ್ಲಿ ಹರಡುತ್ತದೆ. ಮೂರು ಬಾರಿಯ ಲಸಿಕೆಯಿಂದ ಅದನ್ನು ತಡೆಯಬಹುದು. ಎಚ್.ಪಿ.ವಿ. ವೈರಾಣು ಪುರುಷರಲ್ಲಿ ಗುದದ್ವಾರದ, ಸ್ತ್ರೀಯರಲ್ಲಿ ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಸ್ತ್ರೀಯರೊಂದಿಗೆ ಮಾತ್ರ ಸಂಬಂಧವಿರುವ ಸ್ತ್ರೀಯರಿಗೂ ಗರ್ಭಕೊರಳಿನ ತಪಾಸಣೆ ಅಗತ್ಯ.

ಮಾನಸಿಕ ಆರೋಗ್ಯ

ಬಲವಂತದ ಮದುವೆ, ಬೆದರಿಸಿ ಹಣ ಕೀಳುವುದು, ಮನೆಯಿಂದ ಹೊರಹಾಕುವುದು ಇವುಗಳಿಂದ ಖಿನ್ನತೆ, ಕುಡಿತ, ಆತ್ಮಹತ್ಯೆಯ ಯೋಚನೆಗಳು ಉಂಟಾಗುತ್ತವೆ. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಯಲ್ಲಿ ದಿನದ 24 ಗಂಟೆಯೂ ಕನ್ನಡದಲ್ಲಿ ಮಾತನಾಡಬಹುದು. ಮಗನನ್ನು "ಸರಿಪಡಿಸಿಕೊಡಿ" ಎಂದು ಪೋಷಕರು ವೈದ್ಯರಲ್ಲಿಗೆ ಕರೆತರುವುದುಂಟು. ಇಂತಹ ಪರಿವರ್ತನಾ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ವೃತ್ತಿ ದುರ್ನಡತೆಯೆಂದು ಪರಿಗಣಿಸಿದೆ. ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, 2017ರಂತೆ ಲೈಂಗಿಕ ಒಲವಿನ ಕಾರಣಕ್ಕೆ ಚಿಕಿತ್ಸೆಯಲ್ಲಿ ತಾರತಮ್ಯ ಮಾಡುವಂತಿಲ್ಲ.

ದೂರು ಮತ್ತು ವಿಚಾರಣೆ

ಎಚ್.ಐ.ವಿ. ಇರುವ ಕಾರಣಕ್ಕೆ ಚಿಕಿತ್ಸೆ ನಿರಾಕರಿಸಿದಲ್ಲಿ ಅಥವಾ ಗೋಪ್ಯತೆ ಮುರಿದಲ್ಲಿ ಮೊದಲು ಆಸ್ಪತ್ರೆಯ ದೂರು ಅಧಿಕಾರಿಗೆ ಲಿಖಿತ ದೂರು ನೀಡಬಹುದು. 20 ಅಥವಾ ಹೆಚ್ಚು ಜನರಿರುವ ಆರೋಗ್ಯ ಸಂಸ್ಥೆಗಳಲ್ಲಿ ಇಂತಹ ಅಧಿಕಾರಿ ಇರಬೇಕೆಂದು 2017ರ ಎಚ್.ಐ.ವಿ. ಕಾಯ್ದೆ ವಿಧಿಸಿದೆ. ಆರೋಗ್ಯ ಸೇವೆಗೆ ಸಂಬಂಧಿಸಿದ ಉಲ್ಲಂಘನೆಗಳ ಬಗ್ಗೆ ರಾಜ್ಯದ ಒಂಬುಡ್ಸ್‌ಮನ್‌ರಿಗೂ ದೂರು ಸಲ್ಲಿಸಲು ಅವಕಾಶವಿದ್ದು, 30 ದಿನಗಳೊಳಗೆ, ತುರ್ತು ಚಿಕಿತ್ಸೆಯ ಪ್ರಕರಣಗಳಲ್ಲಿ 24 ಗಂಟೆಯೊಳಗೆ ಆದೇಶವಾಗತಕ್ಕದ್ದು. ದೂರಿನೊಂದಿಗೆ ಆಸ್ಪತ್ರೆಯ ಚೀಟಿಯ ಪ್ರತಿ ಮತ್ತು ಘಟನೆಯ ದಿನಾಂಕವನ್ನು ನಮೂದಿಸಬೇಕು. ತಮ್ಮ ಲೈಂಗಿಕ ಒಲವಿನ ವಿವರಣೆ ಅಗತ್ಯವಿಲ್ಲ.

ಪರೀಕ್ಷಾ ಕೇಂದ್ರಗಳ ವೇಳೆ ಮತ್ತು ವಿಳಾಸವನ್ನು ತಿಳಿಯಲು, ಹೆಸರು ಹೇಳದೆಯೇ ಸಲಹೆ ಪಡೆಯಲು 1097 ಸಂಖ್ಯೆಯ ಉಚಿತ ಏಡ್ಸ್ ಸಹಾಯವಾಣಿಗೆ ಕರೆ ಮಾಡಬಹುದು.