ಎಡೆದೊರೆ ನಾಡಿನಲ್ಲಿ ಕೆಂಪು ವೈನಿನ ರಸವಿಚಾರ

ಶಾಸನಗಳಲ್ಲಿ ಎಡೆದೊರೆ ಎರಡುಸಾಸಿರವೆಂದು ಹೆಸರುಗೊಂಡು ಕೃಷ್ಣಾ ತುಂಗಭದ್ರೆಗಳ ನಡುವೆ ಹಬ್ಬಿರುವ ಸೀಮೆಯಲ್ಲಿ, ಸಿಂಧನೂರಿನ ಕಾಲುವೆ ನೀರಿನ ಭತ್ತವನ್ನೂ ಮಸ್ಕಿ ಲಿಂಗಸುಗೂರುಗಳ ಜೋಳ ತೊಗರಿಗಳನ್ನೂ ಉಂಡು ಬೆಳೆದವರಿಗೆ, ಚಿಲಿ ದೇಶದ ಕೆಂಪು ವೈನಿನ ಆಸ್ವಾದನೆಯು ಪರಕೀಯ ವಿದ್ಯೆಯೆಂದು ತೋರುವುದು ಸಹಜವೇ ಆದರೂ, ಪಾನೀಯದ ಗುಣಾಗುಣವಿಚಾರ ಈ ನೆಲಕ್ಕೆ ಹೊಸತಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ಮದಿರಾಪಾನವನ್ನು ಅರಸನ ಕ್ರೀಡೆಗಳಲ್ಲೊಂದಾಗಿ ವರ್ಣಿಸಿದನು; 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ತುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಪೇಟೆಯಲ್ಲಿ ಪಣಕ್ಕೆ ಮೂರು ಗೊಂಚಲಿನಂತೆ ದ್ರಾಕ್ಷಿ ಮಾರುತ್ತಿದ್ದುದನ್ನು ಬರೆದಿಟ್ಟನು.

ಕನ್ನಡನಾಡಿನ ವೈನಿನ ಆಧುನಿಕ ಅಧ್ಯಾಯವು 1988ರಲ್ಲಿ ಕನ್ವಲ್ ಗ್ರೋವರ್ ಅವರು ದೊಡ್ಡಬಳ್ಳಾಪುರದ ಬಳಿ ಸ್ಥಾಪಿಸಿದ ಉದ್ಯಮದಿಂದ ಮೊದಲಾಗುತ್ತದೆ. ಫ್ರಾನ್ಸಿನ ಬೋರ್ಡೊ ಪ್ರಾಂತದ ವೈನ್ ತಜ್ಞ ಮಿಷೆಲ್ ರೋಲಾಂ ಅವರ ಸಲಹೆಯಿಂದ ಅಲ್ಲಿ ಕ್ಯಾಬರ್ನೆ ಸೊವಿನ್ಯೋನ್ ಮತ್ತು ಶಿರಾಜ್ ತಳಿಗಳು ‘ಲಾ ರಿಸರ್ವ್’ ಎಂಬ ವೈನಿನಲ್ಲಿ ಒಂದುಗೂಡಿದವು. 2007ರಲ್ಲಿ ರಾಜ್ಯವು ವೈನ್ ನೀತಿಯನ್ನು ರೂಪಿಸಿತು. ಬಳಿಕ ನಮ್ಮ ನೆರೆಯಲ್ಲೇ, ಹಂಪಿಯ ಬೆಟ್ಟಗಳ ಸೀಮೆಯಲ್ಲಿ, ಕೃಷ್ಣಪ್ರಸಾದ್ ಮತ್ತು ಉಮಾ ಚಿಗುರುಪಾಟಿ ದಂಪತಿಗಳ ‘ಕೃಷ್ಮಾ’ ದ್ರಾಕ್ಷಿತೋಟ ತಲೆಯೆತ್ತಿತು.

ಈ ಹಾದಿಯನ್ನು ನಮಗಿಂತ ಬಹುಮುಂಚೆ ನಡೆದ ಚಿಲಿಯ ವೃತ್ತಾಂತ ಮನನಯೋಗ್ಯವಾದುದು. 1851ರಲ್ಲಿ ಸಿಲ್ವೆಸ್ತ್ರೆ ಒಚಗಾವಿಯಾ ಫ್ರಾನ್ಸಿನಿಂದ ಬಳ್ಳಿಗಳನ್ನು ತರಿಸಿದನು. ಅನಂತರ ಬೇರು ತಿನ್ನುವ ಫೈಲಾಕ್ಸೆರಾ ಕೀಟವು ಯುರೋಪಿನ ತೋಟಗಳನ್ನು ಹಾಳುಗೆಡವಿದಾಗ್ಯೂ ಚಿಲಿಯ ಬಳ್ಳಿಗಳು ಬದುಕಿ ಉಳಿದವು. ಆದರೆ ಮೆರ್ಲೋ ತಳಿಯೆಂದೇ ನಂಬಿ ಬೆಳೆಸಿದ ಬಳ್ಳಿಗಳಲ್ಲಿ ಹಲವು, ಬೋರ್ಡೊದಲ್ಲಿ ಬಹುಮಟ್ಟಿಗೆ ಮರೆಯಾಗಿದ್ದ ಕಾರ್ಮೆನೇರ್ ಎಂಬುದನ್ನು 1994ರಲ್ಲಿ ಫ್ರೆಂಚ್ ದ್ರಾಕ್ಷಿತಳಿ ತಜ್ಞ ಜಾನ್ ಮಿಷೆಲ್ ಬುರ್ಸಿಕೊ ಗುರುತಿಸುವವರೆಗೆ ಬೆಳೆಗಾರರಿಗೆ ತಮ್ಮ ಸಂಪತ್ತೇ ತಿಳಿದಿರಲಿಲ್ಲ. ಹತ್ತು ವರ್ಷಗಳೊಳಗೆ, 2004ರ ಜನವರಿಯಲ್ಲಿ ಬರ್ಲಿನ್ನಿನಲ್ಲಿ ಹೆಸರು ಮರೆಸಿ ನಡೆಸಿದ ಪರೀಕ್ಷೆಯಲ್ಲಿ, ಹಲವು ತಳಿಗಳ ಮಿಶ್ರಣವಾದ ಚಿಲಿಯ ‘ಸೆನ್ಯಾ’ ವೈನಿನ 2001ರ ಸುಗ್ಗಿ ಎರಡನೆಯ ಸ್ಥಾನ ಪಡೆದು ಬೋರ್ಡೊದ ಹೆಸರಾಂತ ಶಾತೋ ಲಾಫಿತ್ ವೈನಿನ 2000ದ ಸುಗ್ಗಿಯನ್ನು ಹಿಂದಿಕ್ಕಿತು. ತನ್ನ ಬಳ್ಳಿಯನ್ನು ತಾನು ಅರಿಯದೆ ಮಿಶ್ರಣಕಲೆ ಪಕ್ವವಾಗದೆಂಬುದಕ್ಕೆ ಇದಕ್ಕಿಂತ ಪ್ರಬಲವಾದ ಸಾಕ್ಷ್ಯವನ್ನು ನಾನು ಕಾಣೆ.

ಆಸ್ವಾದಕನೂ ಹಾಗೆಯೇ ತಳಿ ತಳಿಯನ್ನು ಬೇರೆಯಾಗಿ ಅರಿಯತಕ್ಕದ್ದು. ಬೇಸಗೆಯಲ್ಲಿ 40 ಡಿಗ್ರಿ ಮೀರುವ ಸಿಂಧನೂರಿನಲ್ಲಿ ಸೀಸೆಯನ್ನು ಫ್ರಿಜ್ಜಿನಲ್ಲಿಟ್ಟು 16-18 ಡಿಗ್ರಿಗೆ ಇಳಿಸದಿದ್ದರೆ ಮದ್ಯಸಾರದ ಘಾಟು ಮಿಕ್ಕ ಪರಿಮಳವನ್ನೆಲ್ಲ ನುಂಗಿಬಿಡುತ್ತದೆ. ಗ್ಲಾಸಿನ ಮೂರನೆಯ ಒಂದು ಪಾಲಷ್ಟೇ ಸುರಿದು, ಮೆಲ್ಲನೆ ತಿರುಗಿಸಿ ಮೂಸಿದರೆ ಕಾರ್ಮೆನೇರಿನ ದೊಣ್ಣೆಮೆಣಸಿನಕಾಯಿಯಂಥ ಹಸುರು ವಾಸನೆಯೂ, ಗುಟುಕನ್ನು ನಾಲಿಗೆಯ ಮೇಲೆ ಹೊರಳಿಸಿದರೆ ವಸಡನ್ನು ಹಿಡಿಯುವ ಕ್ಯಾಬರ್ನೆಯ ಒಗರೂ ಬೇರೆಬೇರೆಯಾಗಿ ಗೋಚರಿಸುವುವು. ಖಾರವು ಈ ಒಗರನ್ನೂ ಉರಿಯನ್ನೂ ಹೆಚ್ಚಿಸುವುದರಿಂದ ಕೆಂಪು ಚಟ್ನಿಯನ್ನು ದೂರವಿಟ್ಟು, ಶೇಂಗಾಪುಡಿ ತುಂಬಿದ, ಖಾರ ಕಡಿಮೆಯ ಬದನೆಕಾಯಿ ಎಣ್ಣೆಗಾಯಿಯೊಡನೆ ಜೋಳದ ರೊಟ್ಟಿಯನ್ನು ಇರಿಸಿಕೊಳ್ಳುವುದು ಲೇಸು. ಅದರ ಎಣ್ಣೆ ಮತ್ತು ಉಪ್ಪು ಒಗರನ್ನು ಮೃದುಗೊಳಿಸುತ್ತವೆ. ಚಿಲಿಯ ಸೀಸೆಯ ಪಕ್ಕದಲ್ಲಿ ಹಂಪಿ ಸೀಮೆಯ ಕ್ಯಾಬರ್ನೆಯನ್ನೂ ಇರಿಸಿ, ಎರಡನ್ನೂ ಒಂದೇ ಊಟದೊಡನೆ ಸವಿದು ನೋಡಬೇಕೆಂಬುದು ನನ್ನ ಆಗ್ರಹ.