ಸ್ಕಾಲರ್‌ಶಿಪ್‌ ಪಡೆದು ವಿದೇಶಕ್ಕೆ ಹೋದವರು ಆಮೇಲೆ ಏನಾದರು? ಕೇಳುವುದು ಹೇಗೆ?

ಆಯ್ಕೆಯಾದ ದಿನ ಪೇಪರಿನಲ್ಲಿ ಫೋಟೊ ಬರುತ್ತೆ. ಊರ ಅಗಸಿಯಲ್ಲಿ ಬ್ಯಾನರ್ ಕಟ್ತಾರೆ, ಶಾಸಕರು ಶಾಲು ಹೊದಿಸ್ತಾರೆ. ಹಾವೇರಿ ಜಿಲ್ಲೆಯ ಹುಡುಗಿಯೊಬ್ಬಳು ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ವಿದೇಶಕ್ಕೆ ಸಂಶೋಧನೆಗೆ ಹೊರಟಳು ಅಂದರೆ ಸಂಭ್ರಮಪಡಬೇಕಾದ ವಿಷಯವೇ. ಆದರೆ ಐದು ವರ್ಷ ಬಿಟ್ಟು, 'ಅವಳ ಓದು ಮುಗೀತಾ? ಕೆಲಸ ಸಿಕ್ತಾ? ನಡುವೆ ಬಿಟ್ಟು ಬಂದಳಾ, ಬಂದಿದ್ದರೆ ಯಾಕೆ?' ಅಂತ ಕೇಳೋರು ಸಿಗಲ್ಲ. ಹೀಗೆ ಬೆನ್ನತ್ತಿ ಕೇಳುವ ಕೆಲಸಕ್ಕೆ ಸಂಶೋಧಕರು ಟ್ರೇಸರ್ ಸ್ಟಡಿ ಅಂತಾರೆ. ಜಾಡು ಹಿಡಿಯುವ ಸಮೀಕ್ಷೆ ಅನ್ನೋಣ. ಅದನ್ನು ಮಾಡೋದು ಹೇಗೆ, ಎಲ್ಲಿ ದಾರಿ ತಪ್ಪುತ್ತೆ ಅನ್ನೋದು ಈ ಬರಹದ ವಿಷಯ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಲ್ಲಿ ಹೋಗಿಬಂದ ನಾಲ್ಕೈದು ಮಂದಿಯ ಜೊತೆ ಕೂತು ನನ್ನ ಪ್ರಶ್ನೆಗಳನ್ನು ಪರೀಕ್ಷಿಸಿ ನೋಡಿದೆ. ಅದನ್ನು ಸಮೀಕ್ಷೆ ಅನ್ನಲಾರೆ. ಸಮೀಕ್ಷೆ ಹೇಗಿರಬೇಕು ಅಂತ ತಿಳಿಯೋದಕ್ಕೆ ಅಷ್ಟು ಸಾಕಾಯಿತು.

ಮೊದಲು, ದುಡ್ಡು ಯಾರದು ಅನ್ನೋದು ಸ್ಪಷ್ಟ ಇರಲಿ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ 1954-55ರಿಂದ ಇದೆ. ಸಾಮಾಜಿಕ ನ್ಯಾಯ ಸಚಿವಾಲಯ ವರ್ಷಕ್ಕೆ 125 ಮಂದಿಗೆ ಅವಕಾಶ ಇಟ್ಟಿದೆ: 115 ಪರಿಶಿಷ್ಟ ಜಾತಿಗೆ, 6 ಅಲೆಮಾರಿ ಮತ್ತು ಅರೆ ಅಲೆಮಾರಿ ಸಮುದಾಯಗಳಿಗೆ, 4 ಭೂರಹಿತ ಕೃಷಿ ಕಾರ್ಮಿಕರು ಹಾಗೂ ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ. ಪರಿಶಿಷ್ಟ ಪಂಗಡಕ್ಕೆ ಬುಡಕಟ್ಟು ಸಚಿವಾಲಯದ ಬೇರೆ ಯೋಜನೆ ಇದೆ, ಅಲ್ಲಿ ವರ್ಷಕ್ಕೆ 20. ರಾಜ್ಯದಲ್ಲಿ ಪರಿಶಿಷ್ಟರಿಗೆ 'ಪ್ರಬುದ್ಧ' ಯೋಜನೆ ಇದೆ. ಜರ್ಮನಿಯ ಡಾಡ್-ವೈಸ್, ಕೆನಡಾದ ಮೈಟ್ಯಾಕ್ಸ್ ಗ್ಲೋಬ್‌ಲಿಂಕ್ ಥರದ್ದು ಬೇರೆ ಜಾತಿ, ಪದವಿ ವಿದ್ಯಾರ್ಥಿಗಳನ್ನು ಎರಡು ಮೂರು ತಿಂಗಳು ಅಲ್ಲಿನ ಲ್ಯಾಬಿನಲ್ಲಿ ಕೆಲಸಕ್ಕೆ ಕೂರಿಸುವಂಥವು. ನಮ್ಮ ಭಾಗದ್ದೇ ಅನ್ನಬಹುದಾದ ಒಂದಿದೆ: ಧಾರವಾಡದ ಕರ್ನಾಟಕ ವಿವಿ ಕಟ್ಟಿದ ಡಿ.ಸಿ. ಪಾವಟೆ ಅವರ ಹೆಸರಿನ ಫೆಲೋಶಿಪ್. ಅವರು ಓದಿದ ಕೇಂಬ್ರಿಡ್ಜಿನ ಸಿಡ್ನಿ ಸಸೆಕ್ಸ್ ಕಾಲೇಜಿಗೇ ಇಲ್ಲಿನ ಯುವ ಸಂಶೋಧಕರನ್ನು ಕಳಿಸುತ್ತೆ.

ಈಗ ಪಟ್ಟಿಯ ವಿಷಯ. ಅರ್ಜಿಯಲ್ಲಿರೋ ಫೋನ್ ನಂಬರ್ ಮೂರು ಸಿಮ್ ಹಿಂದಿನದ್ದು. ಇಮೇಲ್ ಯಾವುದೋ ಸೈಬರ್ ಸೆಂಟರಿನವನು ಮಾಡಿಕೊಟ್ಟಿದ್ದು, ಪಾಸ್‌ವರ್ಡ್ ಅವನಿಗೇ ಗೊತ್ತು. ಹಾಗಾಗಿ ಗೂಗಲ್ ಫಾರಂ ಮಾಡಿ ವಾಟ್ಸ್‌ಆಪ್ ಗುಂಪಿಗೆ ಬಿಟ್ಟರೆ ಉತ್ತರ ಬರೋದು ಚೆನ್ನಾಗಿರೋರಿಂದ ಮಾತ್ರ. ಲಿಂಕ್ಡ್‌ಇನ್‌ನಲ್ಲಿ ಸಿಗೋರು, ಕೆಲಸದಲ್ಲಿರೋರು, ಹೇಳಿಕೊಳ್ಳೋದಕ್ಕೆ ಏನಾದರೂ ಇರೋರು ಉತ್ತರಿಸ್ತಾರೆ. ಎರಡನೇ ವರ್ಷ ಕಂತು ನಿಂತು ವಾಪಸ್ ಬಂದವನು ಆ ಗುಂಪಿನಿಂದ ಯಾವತ್ತೋ ಲೆಫ್ಟ್ ಆಗಿರ್ತಾನೆ. 'ಭಾಗವಹಿಸಿದವರಲ್ಲಿ ಬಹುತೇಕರು ಯಶಸ್ವಿ' ಅಂತ ಇಲಾಖೆಗಳು ಹಾಕಿಕೊಳ್ಳೋ ವಾಕ್ಯವನ್ನು ನಾನು ನಂಬದೇ ಇರೋದು ಇದಕ್ಕೇ.

ಊರಿನಲ್ಲಾದರೆ ಜನ ಸಿಗ್ತಾರೆ. ಪೋಸ್ಟ್‌ಮನ್, ಪಿಯು ಕಾಲೇಜಿನ ಕ್ಲಾರ್ಕ್, ಹಾಸ್ಟೆಲ್ ವಾರ್ಡನ್, ಕೊಟ್ಟ ಊರಿನ ಅಕ್ಕ, ಇವರಿಗೆ ಎಲ್ಲ ಗೊತ್ತಿರುತ್ತೆ. ಆದರೆ ಊರಿನ ಲಯ ತಿಳಿದಿರಬೇಕು. ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಮೆಣಸಿನಕಾಯಿ ವಹಿವಾಟು. ಸುಗ್ಗಿಯಲ್ಲಿ ಆ ದಿನ ಮನೆಗೆ ಹೋದರೆ ಅಪ್ಪ ಸಿಗಲ್ಲ, ದಲಾಲಿ ಅಂಗಡಿಯ ಕಟ್ಟೆ ಮೇಲೆ ಸಿಗ್ತಾರೆ. ಮಗನ ಅಮೆರಿಕದ ಲೆಕ್ಕವೂ ಅಲ್ಲೇ ಸಿಗುತ್ತೆ, ಯಾಕಂದರೆ ವೀಸಾ ಸಂದರ್ಶನಕ್ಕೆ ಚೆನ್ನೈಗೋ ಹೈದರಾಬಾದಿಗೋ ಹೋಗಿಬರೋ ಖರ್ಚು ಆ ಮೆಣಸಿನಕಾಯಿ ಚೀಲಗಳಿಂದಲೇ ಹುಟ್ಟಿರುತ್ತೆ. 2024ರ ಮಾರ್ಚ್ 11ರಂದು ಧಾರಣೆ ಕುಸಿದು ರೈತರು ಸಿಟ್ಟಿಗೆದ್ದು ಬ್ಯಾಡಗಿ ಎಪಿಎಂಸಿ ಹೊತ್ತಿ ಉರಿದಿದ್ದು ನಮಗೆ ಕೃಷಿ ಸುದ್ದಿಯಾಗಿ ಮಾತ್ರ ಗೊತ್ತು. ಅಂಥ ವರ್ಷ ಎಷ್ಟು ಮನೆಗಳಲ್ಲಿ ಮಕ್ಕಳ ಓದಿನ ಪ್ಲಾನ್ ಮುಂದಕ್ಕೆ ಹೋಯಿತು ಅನ್ನೋದೂ ಸಮೀಕ್ಷೆಯಲ್ಲಿ ಇರಬೇಕಾದ ಪ್ರಶ್ನೆ.

ಪ್ರಶ್ನೆಗಳಿಗೆ ಬರೋಣ. ಎಲ್ಲ ಫಾರಂಗಳಲ್ಲೂ ಇರೋ ಪ್ರಶ್ನೆ: 'ಕಾರ್ಯಕ್ರಮದಿಂದ ನಿಮಗೆ ತೃಪ್ತಿಯಾಯಿತೇ? 1ರಿಂದ 5ರೊಳಗೆ ಅಂಕ ಕೊಡಿ.' ನಮ್ಮ ಕಡೆ ಇದಕ್ಕೆ ಒಂದೇ ಉತ್ತರ: 'ಏ, ಎಲ್ಲಾ ಚಲೋ ಇತ್ರೀ.' ಕಳಿಸಿದವರ ಋಣ ಇದೆ, ಕೇಳ್ತಿರೋರು ಸರ್ಕಾರದವರ ಥರ ಕಾಣ್ತಾರೆ, ಯಾರು ಮೈಮೇಲೆ ಹಾಕ್ಕೋತಾರೆ? ಅದರ ಬದಲು ನಾನು ಕೇಳಿದ್ದು: 'ಮೊದಲನೇ ಕಂತು ಕೈಗೆ ಬರೋಮಟ ಯಾರ ರೊಕ್ಕದಾಗ ಉಂಡ್ರಿ?'

ಮಾತು ಬಿಚ್ಚಿಕೊಂಡಿತು. ರಾಣೆಬೆನ್ನೂರಿನ ಒಬ್ಬರ ಅವ್ವ ಬೋರಮಾಳ ಸರವನ್ನು ಸೊಸೈಟಿಯಲ್ಲಿ ಅಡವಿಟ್ಟಿದ್ದರು. ಹಣ ಬಂದ ಮೇಲೆ ಬಿಡಿಸಿಕೊಂಡರಾಯಿತು ಅಂತ. ಬಡ್ಡಿ ಮಾತ್ರ ಯಾವ ಸ್ಕಾಲರ್‌ಶಿಪ್ಪಿನ ಲೆಕ್ಕಕ್ಕೂ ಬರಲಿಲ್ಲ. ಇನ್ನೊಬ್ಬರು ಅಲ್ಲಿ ಮೊದಲ ತಿಂಗಳು ಸೀನಿಯರ್ ಒಬ್ಬನ ರೂಮಿನ ನೆಲದ ಮೇಲೆ ಮಲಗಿದ್ದರು. 'ತೃಪ್ತಿ ಎಷ್ಟು' ಅಂದಿದ್ದರೆ ಇಬ್ಬರೂ 5 ಅಂತ ಬರೆಯೋರೇ. ಒಳ್ಳೆ ಪ್ರಶ್ನೆ ಅಭಿಪ್ರಾಯ ಕೇಳಲ್ಲ, ನಡೆದದ್ದನ್ನು ಕೇಳುತ್ತೆ. ಯಾವ ತಿಂಗಳು, ಎಷ್ಟು ರೊಕ್ಕ, ಯಾರ ಹತ್ತಿರ. ಲ್ಯಾಬಿನಲ್ಲಿ ನೀವು ಮಾಡಿದ ಕೆಲಸ ಪ್ರಬಂಧವಾಗಿ ಬಂತಾ, ಬಂದಿದ್ದರೆ ನಿಮ್ಮ ಹೆಸರು ಇತ್ತಾ? ಅಲ್ಲಿದ್ದ ಭಾರತೀಯರು ನಿಮ್ಮ ಅಡ್ಡಹೆಸರು ಕೇಳಿದ್ರಾ, ಕೇಳಿದ ಮೇಲೆ ಮತ್ತೆ ಊಟಕ್ಕೆ ಕರೆದ್ರಾ? ಈ ಕೊನೆಯದು ಅತಿ ಅನ್ನಿಸಿದರೆ, 2023ರ ಫೆಬ್ರವರಿಯಲ್ಲಿ ಅಮೆರಿಕದ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ಕಾನೂನಿನಿಂದ ನಿಷೇಧಿಸಬೇಕಾಗಿ ಬಂತು ಅನ್ನೋದನ್ನ ನೆನಪಿಟ್ಟುಕೊಳ್ಳಿ.

ಫಾರಂ ಏನನ್ನು ಬಿಟ್ಟುಬಿಡುತ್ತೆ ಅನ್ನೋದಕ್ಕೆ ಅಂಬೇಡ್ಕರರಿಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. 1913ರಲ್ಲಿ ಬರೋಡಾ ಸಂಸ್ಥಾನ ಅವರನ್ನು ತಿಂಗಳಿಗೆ ಹನ್ನೊಂದೂವರೆ ಪೌಂಡಿನ ವೇತನ ಕೊಟ್ಟು ಕೊಲಂಬಿಯಾಕ್ಕೆ ಕಳಿಸಿತು. ಮರಳಿದ ಮೇಲೆ ಸಂಸ್ಥಾನದ ಸೇವೆ ಮಾಡಬೇಕು ಅನ್ನೋ ಕರಾರಿತ್ತು. 1917ರಲ್ಲಿ ವೇತನದ ಅವಧಿ ಮುಗಿದು, ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು ಬಂದರು, ಬರೋಡಾದಲ್ಲಿ ಕೆಲಸಕ್ಕೂ ಸೇರಿದರು. ಆ ವರ್ಷ ಸಮೀಕ್ಷೆ ಆಗಿದ್ದರೆ? ಸ್ವದೇಶಕ್ಕೆ ಮರಳಿದರೇ: ಹೌದು. ಉದ್ಯೋಗ ಸಿಕ್ಕಿತೇ: ಹೌದು. ನೂರಕ್ಕೆ ನೂರು. ಆದರೆ ಆ ಊರಲ್ಲಿ ಅವರಿಗೆ ಇರೋಕೆ ಮನೆ ಸಿಗಲಿಲ್ಲ. ಪಾರ್ಸಿ ವಸತಿಗೃಹವೊಂದರಲ್ಲಿ ಗುರುತು ಮರೆಸಿಕೊಂಡು ಉಳಿದಿದ್ದವರನ್ನು ಕೋಲು ಹಿಡಿದ ಗುಂಪು ಹೊರಹಾಕಿತು. ಕೆಲಸ ಬಿಟ್ಟು ಮುಂಬೈಗೆ ಹೋದರು. ಕೆಲವೇ ವರ್ಷ ಬಿಟ್ಟು ಕೇಳಿದ್ದರೆ ಸಂಸ್ಥಾನದ ಕಡತದಲ್ಲಿ ಅವರು 'ಕರಾರು ಮುರಿದವರು'. ಅವರೇ 1920ರಲ್ಲಿ ಸ್ವಂತ ಉಳಿತಾಯ, ಸಾಲದ ಮೇಲೆ ಲಂಡನ್ನಿಗೆ ಮರಳಿ 1923ರಲ್ಲಿ ಡಿ.ಎಸ್‌ಸಿ. ಪಡೆದರು. ಯಾವ ವರ್ಷ ಕೇಳಿದಿರಿ ಅನ್ನೋದರ ಮೇಲೆ ಒಂದೇ ಜೀವನ ಗೆಲುವೂ ಆಗುತ್ತೆ, ಸೋಲೂ ಆಗುತ್ತೆ.

ಅದಕ್ಕೇ ಒಮ್ಮೆ ಕೇಳಿ ಮುಗಿಸೋ ಹಾಗಿಲ್ಲ. ಬ್ರಿಟನ್ನಿನ ಕಾಮನ್‌ವೆಲ್ತ್ ಸ್ಕಾಲರ್‌ಶಿಪ್ ಆಯೋಗ ತನ್ನ ವಿದ್ಯಾರ್ಥಿಗಳನ್ನು ಓದು ಮುಗಿದ ಮೇಲೂ ವರ್ಷಗಟ್ಟಲೆ ಮತ್ತೆ ಮತ್ತೆ ಕೇಳುತ್ತೆ. ಫೋರ್ಡ್ ಪ್ರತಿಷ್ಠಾನ ಭಾರತವೂ ಸೇರಿ 22 ದೇಶಗಳ ಅಂಚಿನ ಸಮುದಾಯಗಳ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು 2001ರಿಂದ 2013ರ ನಡುವೆ ಓದಿಸಿತು. ಯೋಜನೆ ಮುಗಿದ ಮೇಲೂ ಅವರ ಜಾಡು ಹಿಡಿಯೋಕೆ ಹತ್ತು ವರ್ಷದ ಅಧ್ಯಯನ ಇಟ್ಟುಕೊಂಡಿತು.

ಯಾರನ್ನು ಕೇಳಬೇಕು ಅನ್ನೋದರಲ್ಲೂ ಒಂದು ಮರೆವು ಇದೆ. ಹೋದವರನ್ನಷ್ಟೇ ಕೇಳಿದರೆ, ಹೋಗದಂತೆ ಬಾಗಿಲು ಹಾಕಿಸಿಕೊಂಡವರು ಲೆಕ್ಕದಿಂದಲೇ ಮಾಯ. 2022ರಲ್ಲಿ ಕೇಂದ್ರ ತನ್ನ ಮಾರ್ಗಸೂಚಿ ಬದಲಿಸಿ, ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜದ ಕುರಿತ ಅಧ್ಯಯನಗಳನ್ನು ಸಾಗರೋತ್ತರ ವಿದ್ಯಾರ್ಥಿವೇತನದಿಂದ ಹೊರಗಿಟ್ಟಿತು. ಕನಕದಾಸರ ಬಾಡ, ಶರೀಫರ ಶಿಶುನಾಳ, ಜಾನಪದ ವಿವಿಯ ಗೊಟಗೋಡಿ, ಎಲ್ಲ ಇದೇ ಹಾವೇರಿ ಜಿಲ್ಲೆಯವು. ಇಲ್ಲಿನ ದಲಿತ ವಿದ್ಯಾರ್ಥಿನಿ ಶರೀಫರ ಮೇಲೋ, ತನ್ನದೇ ಊರಿನ ಜಾತಿ ಇತಿಹಾಸದ ಮೇಲೋ ಹೊರಗೆ ಹೋಗಿ ಸಂಶೋಧನೆ ಮಾಡ್ತೀನಿ ಅಂದರೆ ಆ ಯೋಜನೆಯಲ್ಲಿ ಜಾಗ ಇಲ್ಲ. 2025ರ ಜುಲೈಯಲ್ಲಿ ಆಯ್ಕೆಯಾದ 106 ಮಂದಿಯಲ್ಲಿ ಮೊದಲು 40 ಜನಕ್ಕೆ ಮಾತ್ರ ತಾತ್ಕಾಲಿಕ ಪತ್ರ ಕೊಟ್ಟು, ಉಳಿದ 66 ಮಂದಿಗೆ 'ಹಣ ಲಭ್ಯವಿದ್ದರೆ' ಅಂದಿತು ಸಚಿವಾಲಯ. ಆ ವಾರಗಳಲ್ಲಿ ಪ್ರವೇಶದ ಗಡುವು ಮೀರುತ್ತಾ ಅಂತ ಎದೆ ಹಿಡಿದು ಕೂತವರನ್ನೂ ಕೇಳಬೇಕು.

ಇನ್ನು ಸ್ಕಾಲರ್‌ಶಿಪ್ ಇಲ್ಲದೇ ಹೋದವರ ಪಟ್ಟಿಯಂತೂ ಯಾರ ಬಳಿಯೂ ಇರಲಿಲ್ಲ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ದಾಳಿಗೆ ಬಲಿಯಾದಾಗ ಇದು ಎಲ್ಲರಿಗೂ ಗೊತ್ತಾಯಿತು. ಅಲ್ಲಿ ಕನ್ನಡದ ಮಕ್ಕಳು ಎಷ್ಟಿದ್ದಾರೆ ಅನ್ನೋದನ್ನ ಯುದ್ಧ ಶುರುವಾದ ಮೇಲೆ ಸಹಾಯವಾಣಿ ತೆರೆದು ಬರೆದುಕೊಳ್ಳಬೇಕಾಯಿತು.

ಸಮೀಕ್ಷೆ ಯಾರು ಮಾಡಬೇಕು? ನನ್ನ ಪ್ರಕಾರ ಜಿಲ್ಲೆಯ ವಿವಿ. 2023ರಲ್ಲಿ ಶುರುವಾದ ಹಾವೇರಿ ವಿವಿಗೆ ಇದಕ್ಕಿಂತ ಹೊಂದುವ ಕೆಲಸ ಇರಲಿಲ್ಲ. ಆದರೆ 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಒಂಬತ್ತು ಹೊಸ ವಿವಿಗಳನ್ನು ಮುಚ್ಚುವ ಮಾತಾಡಿತು, ಆ ಪಟ್ಟಿಯಲ್ಲಿ ಹಾವೇರಿಯೂ ಇತ್ತು. ಹತ್ತು ವರ್ಷ ಬೆನ್ನತ್ತಬೇಕಾದ ಕೆಲಸವನ್ನು ನಾಳೆ ತಾನೇ ಇರ್ತೀನೋ ಇಲ್ಲವೋ ಗೊತ್ತಿಲ್ಲದ ಸಂಸ್ಥೆಗೆ ಹೇಗೆ ಒಪ್ಪಿಸೋದು?

ಅಲ್ಲಿಯವರೆಗೆ ಕೈಯಲ್ಲಿರೋದು ಆರ್‌ಟಿಐ. ಹೆಸರು, ವಿಳಾಸ ಕೇಳಬೇಡಿ. ಅದು ಅವರ ಖಾಸಗಿತನ, ಜೊತೆಗೆ 2023ರ ದತ್ತಾಂಶ ಕಾಯ್ದೆ 8(1)(ಜೆ) ಕಲಮನ್ನು ತಿದ್ದಿದ ಮೇಲೆ ಇಲಾಖೆಗೆ 'ಇಲ್ಲ' ಅನ್ನೋದು ಇನ್ನೂ ಸುಲಭ. ಸಂಖ್ಯೆ ಕೇಳಿ: ತಾಲ್ಲೂಕುವಾರು, ವರ್ಷವಾರು ಅರ್ಜಿ ಹಾಕಿದವರು, ಆಯ್ಕೆಯಾದವರು, ಹೊರಟವರು, ಮುಗಿಸಿದವರು, ನಡುವೆ ನಿಲ್ಲಿಸಿದವರು, ಆದೇಶದ ದಿನಾಂಕಕ್ಕೂ ಮೊದಲ ಕಂತಿನ ದಿನಾಂಕಕ್ಕೂ ನಡುವೆ ಇರೋ ಅಂತರ. ಸಹಾಯಧನ ಯೋಜನೆಗಳ ವಿವರವನ್ನು ಇಲಾಖೆ ತಾನಾಗಿಯೇ ಪ್ರಕಟಿಸಬೇಕು ಅನ್ನುತ್ತೆ 4(1)(ಬಿ) ಕಲಮು. ಅದನ್ನೂ ಉಲ್ಲೇಖಿಸಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ದಾಟಬಾರದು. ಹಾಗಾಗಿ ರಾಜ್ಯದ ಒಂದೊಂದು ಯೋಜನೆಗೆ ಒಂದೊಂದು ಅರ್ಜಿ ಹಾಕಿ, ಕೇಂದ್ರದವಕ್ಕೆ ದೆಹಲಿಯ ಸಚಿವಾಲಯಕ್ಕೇ ಬರೆಯಿರಿ.