ಹೆಸರಿಲ್ಲದ ಹಸ್ತಪ್ರತಿಯ ಕವಿ ಯಾರು?

ಎ. ಎಸ್. ಬಯಟ್ ಅವರ ‘ಪೊಸೆಷನ್’ (1990) ಕಾದಂಬರಿಯಲ್ಲಿ ಸಂಶೋಧಕನೊಬ್ಬನಿಗೆ ಲಂಡನ್ನಿನ ಗ್ರಂಥಾಲಯದ ಹಳೆಯ ಪುಸ್ತಕವೊಂದರೊಳಗೆ ಕವಿಯ ಪತ್ರದ ಕರಡುಗಳು ಸಿಗುತ್ತವೆ. ಅಲ್ಲಿಂದ ಪತ್ತೇದಾರಿಕೆ ಶುರು. ಪಿಎಚ್.ಡಿ. ಮಾಡುತ್ತಿರುವ ನನಗೆ ಇಂಥ ಕಾದಂಬರಿಗಳನ್ನು ಓದುವಾಗಲೆಲ್ಲ ನೆನಪಾಗುವವನು ಥಾಮಸ್ ಟ್ರಹರ್ನ್.

1674ರಲ್ಲಿ ತೀರಿಕೊಂಡ ಟ್ರಹರ್ನ್, ಇಂಗ್ಲೆಂಡಿನ ರಿನೈಸಾನ್ಸ್ ಕಾವ್ಯದ ಕೊನೆಯ ತಲೆಮಾರಿನವನು. ಕವಿಯಾಗಿ ಅವನನ್ನು ಎರಡು ಶತಮಾನ ಯಾರೂ ಬಲ್ಲವರಿರಲಿಲ್ಲ. 1896-97ರ ಚಳಿಗಾಲದಲ್ಲಿ ವಿಲಿಯಂ ಬ್ರೂಕ್ ಎಂಬಾತ ಲಂಡನ್ನಿನ ಬೀದಿಬದಿಯ ಹಳೆ ಪುಸ್ತಕಗಳ ನಡುವೆ ಹೆಸರಿಲ್ಲದ ಎರಡು ಹಸ್ತಪ್ರತಿಗಳನ್ನು ಅಗ್ಗಕ್ಕೆ ಕೊಂಡ. ವಿದ್ವಾಂಸ ಅಲೆಕ್ಸಾಂಡರ್ ಗ್ರೋಸಾರ್ಟ್ ಅವು ಹೆನ್ರಿ ವಾನ್ ಕವಿಯವೆಂದು ನಂಬಿ, ವಾನ್‌ನ ಕೃತಿಸಂಪುಟಕ್ಕೆ ಸೇರಿಸಲು ಹೊರಟಿದ್ದ. ಆದರೆ 1899ರಲ್ಲಿ ತೀರಿಕೊಂಡ.

ಮುಂದೆ ಅವು ಪುಸ್ತಕ ವ್ಯಾಪಾರಿ ಬರ್ಟ್ರಂ ಡೋಬೆಲ್ ಕೈಸೇರಿದವು. ಧಾಟಿ ವಾನ್‌ನದಲ್ಲ ಎಂದು ಅವನಿಗನ್ನಿಸಿತು. 1699ರ ಅನಾಮಧೇಯ ಭಕ್ತಿಗ್ರಂಥವೊಂದರಲ್ಲಿ ಅದೇ ಧಾಟಿಯಿತ್ತು. ಅದರ ಲೇಖಕ ಸರ್ ಆರ್ಲ್ಯಾಂಡೊ ಬ್ರಿಡ್ಜ್‌ಮನ್‌ನ ಪಾದ್ರಿಯಾಗಿದ್ದನೆಂದು ಮುನ್ನುಡಿ ಹೇಳುತ್ತಿತ್ತು. ಆ ಪಾದ್ರಿಯೇ ಟ್ರಹರ್ನ್. ಅವನ ಹೆಸರಿನಲ್ಲಿದ್ದ ‘ಕ್ರಿಶ್ಚಿಯನ್ ಎಥಿಕ್ಸ್’ (1675) ಪುಸ್ತಕದ ಪದ್ಯವೊಂದು ಹಸ್ತಪ್ರತಿಯಲ್ಲೂ ಸಿಕ್ಕಿತು. 1903ರಲ್ಲಿ ಡೋಬೆಲ್ ಕವಿತೆಗಳನ್ನು ಟ್ರಹರ್ನ್ ಹೆಸರಿನಲ್ಲೇ ಅಚ್ಚುಹಾಕಿದ. 1967ರ ಸುಮಾರಿಗೆ ಲ್ಯಾಂಕಶೈರಿನಲ್ಲಿ ಉರಿಯುತ್ತಿದ್ದ ಕಸದ ರಾಶಿಯಿಂದ ಅವನ ಇನ್ನೊಂದು ಹಸ್ತಪ್ರತಿಯನ್ನು ಯಾರೋ ಎಳೆದು ಉಳಿಸಿದರು. ಅದು ಯಾರದೆಂದು ತಿಳಿಯಲು 1980ರ ದಶಕ ಬರಬೇಕಾಯಿತು.

ಕಾದಂಬರಿಗಳು ಹಸ್ತಪ್ರತಿ ಸಿಗುವ ಕ್ಷಣವನ್ನು ಸಂಭ್ರಮಿಸುತ್ತವೆ. ನನಗೆ ಅದಕ್ಕಿಂತ ದೊಡ್ಡದೆನಿಸುವುದು ಡೋಬೆಲ್‌ನ ಅನುಮಾನ. ಗ್ರೋಸಾರ್ಟ್‌ನ ಸಂಪುಟ ಹೊರಬಂದಿದ್ದರೆ ಕವಿತೆಗಳು ಉಳಿಯುತ್ತಿದ್ದವು, ಕವಿ ಮಾತ್ರ ಇನ್ನೊಬ್ಬನ ಹೆಸರಿನಡಿ ಕಳೆದುಹೋಗುತ್ತಿದ್ದ.